ಹಲಗೆ ಅಲುಗಬಾರದು



ಈಳಿಗೆಮಣೆಯನ್ನು ನೀವೆಲ್ಲ ನೋಡಿದ್ದೀರಿ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಅದರ ಮೇಲೆ ಒಂದು ಕಾಲು ಊರಿ ಕುಳಿತು ಬದನೆಕಾಯಿ ಹೆಚ್ಚುತ್ತಾರೆ. ಅಲ್ಲಿ ಅಲುಗು ಕದಲುವುದಿಲ್ಲ, ಕಾಯಿ ಕದಲುತ್ತದೆ. ಅದೇ ಕಾಯನ್ನು ಚಾಕುವಿನಿಂದ ಹೆಚ್ಚುವಾಗ ಕಾಯಿ ನಿಂತಿರಬೇಕು, ಅಲುಗು ಓಡಾಡಬೇಕು. ಕತ್ತರಿಸುವ ಕೆಲಸ ಯಾವುದೇ ಇರಲಿ, ಎರಡರಲ್ಲಿ ಒಂದು ಗಟ್ಟಿಯಾಗಿ ನಿಲ್ಲಲೇಬೇಕು. ಎರಡೂ ಕದಲಿದರೆ ಹೋಗುವುದು ಬೆರಳು.

ಇಂದು ನಾವು ಮಾತನಾಡಲಿರುವುದು ಈ ನಿಲ್ಲಿಸುವ ಕೆಲಸದ ಬಗ್ಗೆ. ಅದರಲ್ಲೂ ಹಲಗೆ, ತಗಡು, ಅಕ್ರಿಲಿಕ್ ಹಾಳೆಗಳಂಥ ಚಪ್ಪಟೆ ವಸ್ತುಗಳನ್ನು ಸಿ.ಎನ್.ಸಿ. ರೌಟರ್ ಎಂಬ ಯಂತ್ರದಲ್ಲಿ ಕೊರೆಯುವಾಗ ಅವು ಅಲುಗದಂತೆ ಹಿಡಿದಿಡುವುದು ಹೇಗೆ ಎಂಬ ಬಗ್ಗೆ. ಇದು ಬಡಗಿಗಳಿಗೆ ಸೇರಿದ ವಿಷಯ, ನಮಗೇಕೆ ಎನ್ನಬೇಡಿ. ನಿಮ್ಮ ಭೌತಶಾಸ್ತ್ರದ ಪಠ್ಯದಲ್ಲಿರುವ ಬಲ, ಘರ್ಷಣೆ, ವಾಯುಮಂಡಲದ ಒತ್ತಡ, ಕಂಪನ, ಚೌಕಟ್ಟು ಎಂಬ ಪಾಠಗಳೆಲ್ಲ ಈ ಒಂದು ಮೇಜಿನ ಮೇಲೆ ಒಟ್ಟಿಗೆ ಸಿಗುತ್ತವೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಭಾಷಣ ಸಿದ್ಧವಾಗಿದೆ. ಹಾಗಾಗಿ ಉದಾಹರಣೆಗಳನ್ನೂ ಆದಷ್ಟು ಅಲ್ಲಿಂದಲೇ ಆರಿಸಿಕೊಂಡಿದ್ದೇನೆ.

ಮೊದಲು ಯಂತ್ರದ ಪರಿಚಯ. ಸಿ.ಎನ್.ಸಿ. ಎಂದರೆ ಗಣಕಯಂತ್ರವು ಅಂಕಿಗಳ ಮೂಲಕ ನಡೆಸುವ ಯಂತ್ರ. ಅಂಕಿಗಳಿಂದ ಯಂತ್ರ ನಡೆಸುವ ಆಲೋಚನೆ ಅಮೆರಿಕದ ಜಾನ್ ಪಾರ್ಸನ್ಸ್ ಅವರದು, 1952ರಲ್ಲಿ ಎಂ.ಐ.ಟಿ. ಸಂಸ್ಥೆ ಅಂಥ ಮೊದಲ ಯಂತ್ರವನ್ನು ನಡೆಸಿ ತೋರಿಸಿತು. ಅದರ ಮರುವರ್ಷವೇ ನಮ್ಮ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು. ಎಚ್.ಎಂ.ಟಿ. ಹೆಸರು ಕೇಳಿದರೆ ತುಮಕೂರಿನ ಹಿರಿಯರಿಗೆ ಇಂದಿಗೂ ಗಡಿಯಾರದ ಕಾರ್ಖಾನೆಯೇ ನೆನಪಾಗುತ್ತದೆ. ಅದು ಈಗ ಇಲ್ಲ. ಆದರೆ ಅಂಥ ದೊಡ್ಡ ಕಾರ್ಖಾನೆಗಳ ಒಳಗೆ ಮಾತ್ರ ಇದ್ದ ಸಿ.ಎನ್.ಸಿ. ಈಗ ತಾಲ್ಲೂಕು ಕೇಂದ್ರದ ಬಡಗಿಯ ಅಂಗಡಿಯವರೆಗೂ ಬರುತ್ತಿದೆ. ದೇವರಮನೆಯ ಬಾಗಿಲಿಗೆ ಜಾಲಿ ಕೊರೆಯುವುದು, ಅಂಗಡಿಯ ನಾಮಫಲಕಕ್ಕೆ ಅಕ್ಷರ ಕತ್ತರಿಸುವುದು, ಇವು ಅದರ ದಿನನಿತ್ಯದ ಕೆಲಸ.

ರೌಟರ್ ಎನ್ನುವುದು ಬೈರಿಗೆಯ ದೂರದ ನೆಂಟ. ಬೈರಿಗೆ ನೆಟ್ಟಗೆ ಇಳಿದು ತೂತು ಮಾಡುತ್ತದೆ. ರೌಟರಿನ ಬಿಟ್ ಇಳಿದ ಮೇಲೆ ಪಕ್ಕಕ್ಕೂ ಚಲಿಸಿ ದಾರಿ ಕೊರೆಯುತ್ತದೆ. ಗಣಕಯಂತ್ರ ಆ ದಾರಿಯನ್ನು ಹೇಳುತ್ತದೆ. ಒಬ್ಬಿಬ್ಬರು ಎತ್ತಿಕೊಂಡು ಹೋಗಬಹುದಾದ ಇಂಥ ಯಂತ್ರವೇ ಪೋರ್ಟಬಲ್ ಸಿ.ಎನ್.ಸಿ. ರೌಟರ್. ದೊಡ್ಡ ಯಂತ್ರ ಇರುವಲ್ಲಿಗೆ ಹಲಗೆಯನ್ನು ಸಾಗಿಸಬೇಕು. ಇದನ್ನಾದರೆ ಹಲಗೆ ಇರುವಲ್ಲಿಗೇ ಒಯ್ಯಬಹುದು. ಹಳ್ಳಿಯ ಮನೆಯೊಂದರ ಕೆಲಸಕ್ಕೆ ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವ ಯುವಕನಿಗೆ ಇದರಿಂದ ದೊಡ್ಡ ಅನುಕೂಲ. ಆದರೆ ದೊಡ್ಡ ಯಂತ್ರಕ್ಕೆ ಹಲಗೆಯನ್ನು ಹಿಡಿದಿಡುವ ಮೇಜು ಜೊತೆಯಲ್ಲೇ ಬರುತ್ತದೆ. ಸಣ್ಣದಕ್ಕೆ ಆ ಭಾಗ್ಯವಿಲ್ಲ. ಹಿಡಿದಿಡುವ ಜಾಣತನವನ್ನು ಕೆಲಸಗಾರನೇ ಒದಗಿಸಬೇಕು.

ಹಲಗೆಯನ್ನು ತಳ್ಳುವ ಬಲ ಎಷ್ಟಿರಬಹುದು? ನೀವೇ ಲೆಕ್ಕ ಹಾಕಿ. 6 ಮಿಲಿಮೀಟರ್ ದಪ್ಪದ ಬಿಟ್ ನಿಮಿಷಕ್ಕೆ 18,000 ಸುತ್ತು ತಿರುಗುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ 300 ಸುತ್ತು. ಬಿಟ್ಟಿನ ಸುತ್ತಳತೆ ಸುಮಾರು 18.85 ಮಿಲಿಮೀಟರ್. ಎರಡನ್ನೂ ಗುಣಿಸಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 5.65 ಮೀಟರ್ ಎಂದು ಸಿಗುತ್ತದೆ. ಮೋಟಾರಿನ ಶಕ್ತಿಯಲ್ಲಿ 300 ವಾಟ್ ಕೊರೆಯಲು ಬಳಕೆಯಾಗುತ್ತಿದ್ದರೆ, ಶಕ್ತಿಯನ್ನು ವೇಗದಿಂದ ಭಾಗಿಸಿ: ಸುಮಾರು 53 ನ್ಯೂಟನ್. ನಮ್ಮ ತಕ್ಕಡಿಯ ಭಾಷೆಯಲ್ಲಿ 5.4 ಕಿಲೋಗ್ರಾಂ ತೂಕ. ಅಷ್ಟೇ! ಒಂದು ಮಗುವಿನ ತಳ್ಳಾಟ.

ಇನ್ನು ಹಲಗೆಯ ತೂಕ ನೋಡೋಣ. ಅಂಗಡಿಯಲ್ಲಿ ಸಿಗುವ 8 ಅಡಿಗೆ 4 ಅಡಿಯ ಪ್ಲೈವುಡ್, 18 ಮಿಲಿಮೀಟರ್ ದಪ್ಪದ್ದು, ಸುಮಾರು 32 ಕಿಲೋಗ್ರಾಂ ತೂಗುತ್ತದೆ. ಮರಕ್ಕೂ ಮರಕ್ಕೂ ನಡುವಣ ಘರ್ಷಣಾಂಕವನ್ನು 0.3 ಎಂದು ಹಿಡಿದರೆ, ಅದನ್ನು ಜಾರಿಸಲು ಸುಮಾರು 10 ಕಿಲೋಗ್ರಾಂ ಬಲ ಬೇಕು. ಹಾಗಾದರೆ ಹಿಡಿದಿಡುವ ಗೊಡವೆಯೇ ಬೇಡವಲ್ಲ, ಹಲಗೆ ತನ್ನ ತೂಕದಿಂದಲೇ ನಿಲ್ಲುತ್ತದಲ್ಲ ಎಂದು ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉತ್ತರ ಮೂರು ಕಡೆ ಇದೆ.

ಮೊದಲನೆಯದಾಗಿ, ನಾವು ಲೆಕ್ಕ ಹಾಕಿದ್ದು ಸರಾಸರಿ ಬಲ. ಬಿಟ್ಟಿಗೆ ಎರಡು ಹಲ್ಲುಗಳಿದ್ದರೆ ಅದು ಸೆಕೆಂಡಿಗೆ 600 ಸಲ ಕಚ್ಚುತ್ತದೆ, 600 ಸಲ ಬಿಡುತ್ತದೆ. ಕಚ್ಚುವ ಗಳಿಗೆಯಲ್ಲಿ ಬಲ ಸರಾಸರಿಯ ಹಲವು ಪಟ್ಟು ಏರುತ್ತದೆ. ಮರದಲ್ಲಿ ಗಂಟೊಂದು ಸಿಕ್ಕರೆ ಇನ್ನೂ ಹೆಚ್ಚು. ಎರಡನೆಯದಾಗಿ, ಬಿಟ್ ಪಕ್ಕಕ್ಕೆ ಮಾತ್ರ ತಳ್ಳುವುದಿಲ್ಲ. ಸಾಮಾನ್ಯವಾದ ಸುರುಳಿ ಬಿಟ್ ಹೊಟ್ಟನ್ನು ಮೇಲಕ್ಕೆ ಎತ್ತಿ ಹಾಕುತ್ತದೆ. ಹೊಟ್ಟಿನ ಜೊತೆಗೆ ಹಲಗೆಯನ್ನೂ ಎತ್ತಲು ನೋಡುತ್ತದೆ. ಎತ್ತಿದಷ್ಟೂ ಘರ್ಷಣೆ ಕಡಿಮೆಯಾಗುತ್ತದೆ. ತೆಳುವಾದ ಹಾಳೆಗೆ ಸುರುಳಿ ತಿರುವುಮುರುವಾಗಿರುವ, ಕೆಳಕ್ಕೆ ಒತ್ತುವ ಬಿಟ್ಟನ್ನು ಬಳಸುವುದು ಇದೇ ಕಾರಣಕ್ಕೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕೊರೆದು ಮುಗಿಯುವ ಹೊತ್ತಿಗೆ 32 ಕಿಲೋಗ್ರಾಮಿನ ಹಲಗೆ ಅಲ್ಲಿ ಇರುವುದೇ ಇಲ್ಲ. ಅಂಗೈಯಗಲದ, ನೂರಿನ್ನೂರು ಗ್ರಾಂ ತೂಗುವ ಚೂರುಗಳಿರುತ್ತವೆ. ಯಂತ್ರದ ತಳ್ಳಾಟ ಮಾತ್ರ ಅಷ್ಟೇ ಇರುತ್ತದೆ.

ಕಲ್ಲಿನ ಕೆಲಸದವರಿಗೆ ಈ ಕಷ್ಟವಿಲ್ಲ. ಅದೇ 8 ಅಡಿಗೆ 4 ಅಡಿಯ, ಒಂದು ಅಂಗುಲ ದಪ್ಪದ ಗ್ರಾನೈಟ್ ಚಪ್ಪಡಿ ಸುಮಾರು 200 ಕಿಲೋಗ್ರಾಂ ತೂಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟದ ಮೈಯಲ್ಲಿ ಮೆಟ್ಟಿಲು ಕಡಿದವರಂತೂ ಬಂಡೆ ಅಲುಗೀತು ಎಂದು ಯೋಚಿಸಿರಲಾರರು. ಅದೇ ಅಳತೆಯ 3 ಮಿಲಿಮೀಟರಿನ ಅಕ್ರಿಲಿಕ್ ಹಾಳೆ ಹನ್ನೊಂದು ಕಿಲೋಗ್ರಾಂ ಕೂಡ ಇಲ್ಲ. ಗಾಳಿ ಬಂದರೆ ಹಾರುವ ಸರಕು.

ನಮ್ಮ ಕಡೆಯ ಬಡಗಿಗೆ ಮೊದಲ ಹಿಡಿಕೆ ಅವನ ಕಾಲು. ನೆಲದ ಮೇಲೆ ಕುಳಿತು, ರೀಪನ್ನು ಪಾದದಿಂದ ಒತ್ತಿ ಹಿಡಿದು ಉಳಿ ಹೊಡೆಯುವುದನ್ನು ನೀವು ನೋಡಿರಬಹುದು. ಪಾವಗಡದ ಗಡಿಯಾಚೆ, ಆಂಧ್ರದ ಧರ್ಮಾವರದ ಬಳಿ ನಿಮ್ಮಲಕುಂಟ ಎಂಬ ಊರಿದೆ, ತೊಗಲುಗೊಂಬೆಗೆ ಹೆಸರಾದದ್ದು. ಹದ ಮಾಡಿದ ತೊಗಲೂ ಹಾಳೆಯೇ. ಅದನ್ನು ಮರದ ಹಲಗೆಯ ಮೇಲೆ ಹಾಸಿ, ಸಣ್ಣ ಉಳಿಗಳಿಂದ ಒಂದೊಂದೇ ಪೆಟ್ಟಿಗೆ ಒಂದೊಂದೇ ರಂಧ್ರ ಕೊರೆಯುತ್ತಾರೆ. ಅಲ್ಲಿ ಪೆಟ್ಟು ನೇರ ಕೆಳಕ್ಕೆ ಬೀಳುತ್ತದೆ, ಪೆಟ್ಟೇ ಹಾಳೆಯನ್ನು ಹಲಗೆಗೆ ಒತ್ತುತ್ತದೆ. ಪಕ್ಕಕ್ಕೆ ಎಳೆಯುವ ಬಲವೇ ಇಲ್ಲ. ಹಾಗಾಗಿ ಎಡಗೈಯ ಬೆರಳು ಸಾಕು. ರೌಟರ್ ಹಾಗಲ್ಲ. ಕೈಯಿಂದಾಗಲಿ ಕಾಲಿನಿಂದಾಗಲಿ ಅದಕ್ಕೆ ಹಲಗೆ ಹಿಡಿಯುವ ಯೋಚನೆ ಯಾರೂ ಮಾಡಬಾರದು. ಹಲಗೆ ಜಾರಿದ್ದನ್ನು ಕಣ್ಣು ಕಂಡು, ಕೈ ಹಿಂದಕ್ಕೆ ಬರಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಬಿಟ್ 60 ಸುತ್ತು ಸುತ್ತಿ 120 ಸಲ ಕಚ್ಚಿರುತ್ತದೆ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಕ್ಲ್ಯಾಂಪು. ಹಲಗೆಯ ನಾಲ್ಕು ಅಂಚಿಗೆ ನಾಲ್ಕು ಕ್ಲ್ಯಾಂಪು ಬಿಗಿದರೆ ಆಯಿತು ಎಂದುಕೊಳ್ಳುತ್ತೇವೆ. ಅಂಚು ನಿಲ್ಲುತ್ತದೆ ನಿಜ, ನಡುವೆ ಏನಾಗುತ್ತದೆ? ಪ್ಲೈವುಡ್ ಸಾಮಾನ್ಯವಾಗಿ ಪೂರ್ತಿ ಚಪ್ಪಟೆ ಇರುವುದಿಲ್ಲ. ಗೋಡೆಗೆ ಒರಗಿಸಿಟ್ಟದ್ದು ಬಾಗಿರುತ್ತದೆ, ಒಂದು ಬದಿ ತೇವ ಹೀರಿದ್ದು ಉಬ್ಬಿರುತ್ತದೆ. ಅಂಚು ಬಿಗಿದು ನಡುವೆ ಸಡಿಲ ಇರುವ ಹಾಳೆ ಎಂದರೆ ಅದೊಂದು ತಮಟೆ. ಸೆಕೆಂಡಿಗೆ 600 ಪೆಟ್ಟು ಬಿದ್ದರೆ ಅದು ನುಡಿಯದೆ ಇದ್ದೀತೆ? ನುಡಿದರೆ ಕೊರೆದ ಅಂಚು ಗರಗಸದಂತೆ ಒರಟಾಗುತ್ತದೆ, ಆಳ ಒಂದೊಂದು ಕಡೆ ಒಂದೊಂದು ತೆರನಾಗುತ್ತದೆ. ಅನುಭವಿ ಕೆಲಸಗಾರರು ಹಲಗೆ ಸರಿಯಾಗಿ ಕೂತಿದೆಯೇ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ತಿಳಿಯುತ್ತಾರೆ. ಬೆರಳಿನ ಗೆಣ್ಣಿನಿಂದ ಹಲಗೆಯ ನಡುವೆ ತಟ್ಟಿ ನೋಡಿ. ದಪ್ಪ ಸದ್ದು ಬಂದರೆ ಕೂತಿದೆ. ಡೊಳ್ಳಿನ ಸದ್ದು ಬಂದರೆ ಕೂತಿಲ್ಲ.

ನಡುವನ್ನು ಒತ್ತುವುದು ಹೇಗೆ? ಇದಕ್ಕೆ ಪಾಠ ಶಿರಾದ ಹೆದ್ದಾರಿಯಲ್ಲಿದೆ. ಬೆಂಗಳೂರು-ಪುಣೆ ರಸ್ತೆಯಲ್ಲಿ ಹೋಗುವ ಲಾರಿಗಳನ್ನು ಗಮನಿಸಿ. ಹೊಟ್ಟಿನ ಚೀಲ, ಕಡಲೆಕಾಯಿ ಮೂಟೆ ಹೇರಿದ ಲಾರಿಯ ಬೆನ್ನು ಉಬ್ಬಿರುತ್ತದೆ. ಟಾರ್ಪಾಲಿನ ಮೇಲೆ ಹಾಯಿಸಿ ಎರಡೂ ಕಡೆ ಎಳೆದು ಕಟ್ಟಿದ ಹಗ್ಗ ಆ ಉಬ್ಬಿನ ಉದ್ದಕ್ಕೂ ಕೆಳಕ್ಕೆ ಒತ್ತುತ್ತದೆ. ಅದೇ ಹಗ್ಗವನ್ನು ಚಪ್ಪಟೆ ಹಲಗೆಗಳ ಮೇಲೆ ಎಷ್ಟೇ ಬಿಗಿದರೂ ಎರಡು ಅಂಚಿನಲ್ಲಿ ಮಾತ್ರ ಒತ್ತುತ್ತದೆ, ನಡುವೆ ಸುಮ್ಮನೆ ಮಲಗಿರುತ್ತದೆ. ಎಳೆದ ಹಗ್ಗ ಬಾಗಿದಲ್ಲಿ ಮಾತ್ರ ಒತ್ತಬಲ್ಲದು. ಆದ್ದರಿಂದ ಹಲಗೆಯ ಅಡ್ಡಕ್ಕೆ ಹೊಟ್ಟೆ ಕೆಳಗಾಗಿ ಸ್ವಲ್ಪವೇ ಬಾಗಿದ ಮರದ ಪಟ್ಟಿಯೊಂದನ್ನಿಟ್ಟು ಅದರ ಎರಡು ತುದಿಗೆ ಕ್ಲ್ಯಾಂಪು ಹಾಕಿ. ತುದಿಗಳು ಬಿಗಿಯುತ್ತ ಹೋದಂತೆ ಪಟ್ಟಿ ನೇರವಾಗುತ್ತ ನಡುವನ್ನು ಅದುಮುತ್ತದೆ. ಎರಡು ಕ್ಲ್ಯಾಂಪಿನಿಂದ ಮೂರನೆಯದರ ಕೆಲಸ. ಆ ಪಟ್ಟಿ ಬಿಟ್ಟಿನ ದಾರಿಗೆ ಅಡ್ಡ ಬರಬಾರದು ಎಂಬುದೊಂದೇ ತೊಡಕು. ಗಣಕಯಂತ್ರಕ್ಕೆ ನೀವಿಟ್ಟ ಪಟ್ಟಿಯೂ ಕ್ಲ್ಯಾಂಪೂ ಕಾಣಿಸುವುದಿಲ್ಲ. ಕಬ್ಬಿಣದ ಕ್ಲ್ಯಾಂಪಿಗೆ ತಗುಲಿದ ಬಿಟ್ ಅಲ್ಲಿಗೆ ಮುಗಿಯಿತು.

ಅಡ್ಡ ಬರುವುದೇ ಬೇಡ ಎಂದರೆ ಸ್ಕ್ರೂ. ಹಲಗೆಯ ಕೆಳಗೆ ಬಲಿಗೆಂದೇ ಇನ್ನೊಂದು ಹಾಳು ಹಲಗೆ ಹಾಸಿ, ಕೊರೆದ ಮೇಲೆ ಎಸೆಯುವ ಜಾಗದಲ್ಲಿ ಮೇಲಿನಿಂದ ಸ್ಕ್ರೂ ಹಾಕಿ ಎರಡನ್ನೂ ಸೇರಿಸುವುದು. ಅಗ್ಗ, ಗಟ್ಟಿ, ಎಲ್ಲಿ ಬೇಕಾದರೂ ಆಗುತ್ತದೆ. ನನ್ನ ಮಟ್ಟಿಗೆ ಪ್ಲೈವುಡ್ಡಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ದುಬಾರಿ ಸಾಧನ ಕೊಳ್ಳುವ ಮೊದಲು ಹತ್ತು ರೂಪಾಯಿಯ ಸ್ಕ್ರೂ ಕೊಳ್ಳಿ ಎಂದೇ ಹೇಳುತ್ತೇನೆ. ಬಿಟ್ ಸ್ಕ್ರೂವಿಗೆ ತಗುಲುವ ಭಯ ಇದ್ದವರು ಗಾಳಿಬಂದೂಕಿನಿಂದ ಹೊಡೆಯುವ ಪ್ಲಾಸ್ಟಿಕ್ ಮೊಳೆ ಬಳಸುತ್ತಾರೆ. ಬಿಟ್ ಅದರ ಮೇಲೆ ಹಾಯ್ದರೆ ಮೊಳೆಯೇ ಕತ್ತರಿಸಿ ಹೋಗುತ್ತದೆ, ಬಿಟ್ಟಿಗೆ ಏನೂ ಆಗುವುದಿಲ್ಲ. ಮರದ ಗೂಟ ಹೊಡೆದು ಜೋಡಿಸುತ್ತಿದ್ದ ಹಳೆಯ ಬಡಗಿಗೆ ಇದರಲ್ಲಿ ಹೊಸತೇನೂ ಕಾಣದು.

ಅಕ್ರಿಲಿಕ್ಕಿಗೂ ತೆಳು ಅಲ್ಯೂಮಿನಿಯಂ ತಗಡಿಗೂ ಸ್ಕ್ರೂ ಹಿಡಿಸುವುದಿಲ್ಲ. ಅಲ್ಲಿ ಅಂಟು. ಎರಡು ಬದಿಗೂ ಗೋಂದಿರುವ ಟೇಪು ಒಂದು ದಾರಿ. ಇನ್ನೊಂದು ದಾರಿ ನನಗೆ ಬಹಳ ಹಿಡಿಸಿದ್ದು: ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪನ್ನು ಹಾಳೆಯ ಬೆನ್ನಿಗೊಂದು, ಕೆಳಗಿನ ಹಲಗೆಗೊಂದು ಅಂಟಿಸಿ, ಆ ಎರಡು ಟೇಪುಗಳ ಬೆನ್ನುಗಳ ನಡುವೆ ಫೆವಿಕ್ವಿಕ್ಕಿನಂಥ ಅಂಟು ಹಾಕುವುದು. ಅಂಟು ಕಲ್ಲಿನಂತೆ ಹಿಡಿಯುತ್ತದೆ, ಆದರೆ ವಸ್ತುವಿಗೆ ತಾಗುವುದಿಲ್ಲ. ಕೆಲಸ ಮುಗಿದ ಮೇಲೆ ಟೇಪು ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ಟೇಪಿಗೆ ಶತ್ರುಗಳು ಎರಡು, ಧೂಳು ಮತ್ತು ಬಿಸಿಲು. ಪಾವಗಡದ ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಕೆಲಸ ಮಾಡುವವರಿಗೆ ಎರಡೂ ಧಾರಾಳ. ಬೆಳಿಗ್ಗೆ ಗಟ್ಟಿಯಾಗಿ ಹಿಡಿದ ಗೋಂದು ಮಧ್ಯಾಹ್ನ ಮೆತ್ತಗಾಗಿ ನಿಧಾನವಾಗಿ ಜರುಗುತ್ತದೆ. ಟೇಪಿನ ಕೆಲಸ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಕ್ಷೇಮ.

ಈಗ ಗಾಳಿಯ ವಿಷಯಕ್ಕೆ ಬರೋಣ. ದೊಡ್ಡ ಯಂತ್ರಗಳಲ್ಲಿ ಕ್ಲ್ಯಾಂಪೂ ಇಲ್ಲ, ಸ್ಕ್ರೂವೂ ಇಲ್ಲ. ಹಲಗೆ ಮೇಜಿನ ಮೇಲೆ ಸುಮ್ಮನೆ ಇಟ್ಟಂತೆ ಕಾಣುತ್ತದೆ. ಕೆಳಗಿನಿಂದ ಪಂಪು ಗಾಳಿಯನ್ನು ಹೀರುತ್ತಿರುತ್ತದೆ. ಪಂಪು ಹಲಗೆಯನ್ನು ಎಳೆಯುತ್ತದೆ ಎಂದು ನಾವು ಹೇಳುವುದು ರೂಢಿ, ಆದರೆ ಅದು ತಪ್ಪು ಮಾತು. ಒತ್ತುವುದು ಮೇಲಿನ ಗಾಳಿ. 1650ರ ದಶಕದಲ್ಲಿ ಜರ್ಮನಿಯ ಆಟೋ ಫಾನ್ ಗೆರಿಕೆ ಎರಡು ಅರೆಗೋಳಗಳ ಒಳಗಿನ ಗಾಳಿ ತೆಗೆದು, ಕುದುರೆಗಳಿಂದಲೂ ಅವನ್ನು ಬಿಡಿಸಲಾಗದಂತೆ ಮಾಡಿ ತೋರಿಸಿದ ಪ್ರಯೋಗ ನಿಮಗೆ ಗೊತ್ತಿದೆ. ಅದೇ ಗಾಳಿ, ಅದೇ ಒತ್ತಡ.

ಗಾಳಿ ಎಷ್ಟು ಒತ್ತುತ್ತದೆ? ಕಡಲ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1.03 ಕಿಲೋಗ್ರಾಂ. ಮಧುಗಿರಿ ಪಟ್ಟಣ ಕಡಲ ಮಟ್ಟದಿಂದ 780 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಅಲ್ಲಿ ಸುಮಾರು 0.94; ಮಂಗಳೂರಿಗಿಂತ ನೂರಕ್ಕೆ 9ರಷ್ಟು ಕಡಿಮೆ. ಸುಮಾರು 1,190 ಮೀಟರ್ ಎತ್ತರದ ಕೋಟೆಯ ತುದಿಗೆ ಯಂತ್ರ ಹೊತ್ತೊಯ್ದರೆ ನೂರಕ್ಕೆ 13ರಷ್ಟು ಕಡಿಮೆ. ಆ ಏಕಶಿಲೆ ಹತ್ತಿದವರಿಗೆ ಯಂತ್ರ ಹೊರುವ ಆಸೆ ಬರಲಾರದು, ಆದರೂ ಲೆಕ್ಕ ತಿಳಿದಿರಲಿ. ಪಂಪು ಕೆಳಗಿನ ಗಾಳಿಯಲ್ಲಿ ಅರ್ಧವನ್ನು ಮಾತ್ರ ತೆಗೆಯಿತು ಎನ್ನೋಣ. ಆಗ ಮಧುಗಿರಿಯಲ್ಲಿ ಚದರ ಸೆಂಟಿಮೀಟರಿಗೆ 0.47 ಕಿಲೋಗ್ರಾಂ. 8 ಅಡಿಗೆ 4 ಅಡಿಯ ಹಲಗೆಯ ವಿಸ್ತೀರ್ಣ ಸುಮಾರು 29,770 ಚದರ ಸೆಂಟಿಮೀಟರ್. ಗುಣಿಸಿ ನೋಡಿ: 14 ಟನ್ನಿಗೆ ಹತ್ತಿರ! ತುಂಬಿದ ಲಾರಿಯೊಂದು ಹಲಗೆಯ ಮೇಲೆ ನಿಂತಂತೆ.

ಈ 14 ಟನ್ನನ್ನು ನಂಬಿ ಕೆಟ್ಟವರುಂಟು. ಅದನ್ನು ತಿಳಿಯಲು ಕನ್ನಡ ಅಕ್ಷರಗಳನ್ನು ಕೊರೆಯಬೇಕು. ನಾಮಫಲಕಗಳಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕೆಂಬ ತಿದ್ದುಪಡಿಯನ್ನು 2024ರಲ್ಲಿ ರಾಜ್ಯದ ವಿಧಾನಮಂಡಲ ಅಂಗೀಕರಿಸಿತು. ಕನ್ನಡ ಅಕ್ಷರ ಚೆನ್ನಾಗಿ ಕೊರೆಯಬಲ್ಲವರಿಗೆ ಅದರಿಂದ ಕೆಲಸವುಂಟು. ಆದರೆ ನಮ್ಮ ಲಿಪಿ ದುಂಡು ಲಿಪಿ. ‘ವ’ದ ಹೊಟ್ಟೆ, ‘ಮ’ದ ಸುರುಳಿ, ‘ಠ’ದ ನಡುವಿನ ಚುಕ್ಕೆ, ಎಲ್ಲಕ್ಕಿಂತ ಮಿಗಿಲಾಗಿ ಅನುಸ್ವಾರದ ಸೊನ್ನೆ, ಹೀಗೆ ಒಳಗೊಂದು ಪುಟ್ಟ ದ್ವೀಪ ಇಲ್ಲದ ಕನ್ನಡ ಪದ ಅಪರೂಪ. ಯಂತ್ರ ಸೊನ್ನೆಯ ಒಳಸುತ್ತನ್ನು ಮುಗಿಸುವ ಗಳಿಗೆಯಲ್ಲಿ ನಡುವಿನ ಬಿಲ್ಲೆ ಹಾಳೆಯಿಂದ ಬೇರೆಯಾಗುತ್ತದೆ. ಅದರ ವ್ಯಾಸ 2 ಸೆಂಟಿಮೀಟರ್ ಎಂದರೆ ವಿಸ್ತೀರ್ಣ 3.14 ಚದರ ಸೆಂಟಿಮೀಟರ್. ಗಾಳಿ ಅದನ್ನು ಒತ್ತುವುದು ಒಂದೂವರೆ ಕಿಲೋಗ್ರಾಮಿಗಿಂತ ತುಸು ಕಡಿಮೆ. ಘರ್ಷಣೆಯಿಂದ ಪಕ್ಕಕ್ಕೆ ತಡೆಯುವ ಬಲ ಅರ್ಧ ಕಿಲೋಗ್ರಾಂ ಕೂಡ ಇಲ್ಲ. ಬಿಟ್ಟಿನದು 5.4. ತೆಳು ಹಾಳೆಗೆ ಅಷ್ಟು ಬೇಡ, ಮೂರನೇ ಒಂದು ಭಾಗ ಎಂದರೂ 1.8. ಬಿಲ್ಲೆ ನಿಲ್ಲುವುದು ಸಾಧ್ಯವೇ ಇಲ್ಲ.

ಚಿತ್ರೀಕರಣಕ್ಕೆ ಹೋಗಿದ್ದಾಗ ಇದನ್ನು ನಾವು ಕಣ್ಣಾರೆ ಕಂಡೆವು. ಊರಿನ ಹೆಸರು ಬೇಡ. ಅಂಗಡಿಯೊಂದರ ಫಲಕಕ್ಕೆ ಅಕ್ಷರ ಕೊರೆಯುತ್ತಿದ್ದಾಗ ಸೊನ್ನೆಯೊಳಗಿನ ಬಿಲ್ಲೆ ಚಿಮ್ಮಿ ನಮ್ಮ ಕ್ಯಾಮೆರಾ ಸಹಾಯಕರ ಕನ್ನಡಕಕ್ಕೆ ಬಡಿಯಿತು. ಗಾಜಿನ ಮೇಲೆ ಗೀರು ಬಿತ್ತು. ಯಂತ್ರ ನಡೆಸುತ್ತಿದ್ದ ಹುಡುಗ ನಗುತ್ತ, “ಸೊನ್ನೆ ಯಾವಾಗ್ಲೂ ಹಿಂಗೇ ಓಡೋಗುತ್ತೆ ಸಾರ್” ಎಂದ. ಅವನ ಕಣ್ಣಿಗೆ ಕನ್ನಡಕ ಇರಲಿಲ್ಲ. ಬಿಟ್ಟಿನ ಅಂಚಿನ ವೇಗ ಗಂಟೆಗೆ 20 ಕಿಲೋಮೀಟರ್, ಸೈಕಲ್ಲಿನ ವೇಗ. ಅಷ್ಟೇ ತಾನೆ ಎನಿಸಬಹುದು. ಚೂಪು ಅಂಚಿನ ಅಕ್ರಿಲಿಕ್ ಚೂರಿಗೆ ಕಣ್ಣಿನ ಮಟ್ಟಿಗೆ ಆ ವೇಗ ಬೇಕಾದಷ್ಟಾಯಿತು. 12 ಮಿಲಿಮೀಟರ್ ಬಿಟ್ಟನ್ನು ನಿಮಿಷಕ್ಕೆ 24,000 ಸುತ್ತು ತಿರುಗಿಸಿದರೆ ಅದೇ ವೇಗ ಗಂಟೆಗೆ 54 ಕಿಲೋಮೀಟರ್ ಆಗುತ್ತದೆ. ರೌಟರಿನ ಬಳಿ ನಿಲ್ಲುವ ಪ್ರತಿಯೊಬ್ಬರಿಗೂ, ಸುಮ್ಮನೆ ನೋಡಲು ಬಂದವರಿಗೂ, ರಕ್ಷಣೆಯ ಕನ್ನಡಕ ಬೇಕು. ಕೈಗವಸು ಮಾತ್ರ ಬೇಡ; ತಿರುಗುವ ಬಿಟ್ ಅದರ ದಾರವನ್ನು ಕಚ್ಚಿದರೆ ಕೈಯನ್ನೇ ಒಳಕ್ಕೆ ಎಳೆಯುತ್ತದೆ. ಎಂ.ಡಿ.ಎಫ್. ಹಲಗೆಯ ಧೂಳು ಬಹಳ ನುಣ್ಣಗೆ, ಅದರಲ್ಲಿ ರಾಳದ ಅಂಶವೂ ಇರುತ್ತದೆ. ಅದಕ್ಕೆ ಮೂಗಿನ ಮುಸುಕು.

ಸೊನ್ನೆ ಓಡಿಹೋಗದಿರಲು ಉಪಾಯ ಸುಲಭ. ಗೋಣಿಚೀಲದ ಮೇಲೆ, ಲಾರಿಯ ಹಿಂಬದಿಯಲ್ಲಿ ಅಕ್ಷರ ಮೂಡಿಸಲು ಬಳಸುವ ತಗಡಿನ ಅಚ್ಚನ್ನು ನೆನಪಿಸಿಕೊಳ್ಳಿ. ‘ಠ’ ಅಕ್ಷರದ ಅಚ್ಚಿನಲ್ಲಿ ನಡುವಿನ ಭಾಗ ಉದುರದಂತೆ ಅಲ್ಲಲ್ಲಿ ತೆಳುವಾದ ಸೇತುವೆಗಳನ್ನು ಬಿಟ್ಟಿರುತ್ತಾರೆ. ರೌಟರಿನಲ್ಲೂ ಹಾಗೆಯೇ ಮೂರು ನಾಲ್ಕು ಕಡೆ ಒಂದಿಷ್ಟು ವಸ್ತುವನ್ನು ಕೊರೆಯದೆ ಬಿಡುವಂತೆ ಗಣಕಯಂತ್ರಕ್ಕೆ ಹೇಳಬಹುದು. ಇದನ್ನು ಟ್ಯಾಬ್ ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ ಉಳಿಯಿಂದ ಕತ್ತರಿಸಿ, ಅರದಿಂದ ಉಜ್ಜಿದರೆ ಆಯಿತು. ಇಲ್ಲವೇ ತಳದಲ್ಲಿ ಅರ್ಧ ಮಿಲಿಮೀಟರಿನಷ್ಟು ಪೊರೆ ಉಳಿಸಿ, ಹಾಳೆಯನ್ನು ಮಗುಚಿ ಉಜ್ಜಿ ತೆಗೆಯುವುದು. ಕೊರೆಯುವ ಕ್ರಮವೂ ಮುಖ್ಯ. ಅಕ್ಷರದ ಒಳಗಿನದು ಮೊದಲು, ಹೊರಸುತ್ತು ಕೊನೆಗೆ. ಹೊರಸುತ್ತು ಮೊದಲೇ ಮುಗಿದರೆ ಸಡಿಲವಾದ ಅಕ್ಷರದ ಒಳಗೆ ಕೊರೆಯಬೇಕಾಗುತ್ತದೆ. ನಿರ್ವಾತದ ಮೇಜಿನಲ್ಲಿ ಇನ್ನೂ ಒಂದು ಕಾರಣವಿದೆ: ಕೊರೆದ ಪ್ರತಿ ಗೆರೆಯೂ ಗಾಳಿ ನುಗ್ಗುವ ಬಿರುಕು. ಕೆಲಸ ಮುಂದುವರಿದಂತೆ ಸೋರಿಕೆ ಹೆಚ್ಚಿ, ಬೆಳಿಗ್ಗೆ ಇದ್ದ 14 ಟನ್ ಮಧ್ಯಾಹ್ನಕ್ಕೆ ಇರುವುದಿಲ್ಲ.

ಕರೆಂಟು ಹೋದರೆ ಏನಾಗುತ್ತದೆ ಎಂಬುದನ್ನೂ ಯೋಚಿಸಿ. ಪಂಪು ನಿಲ್ಲುತ್ತದೆ, ಹಿಡಿತ ಸೋರಿಹೋಗುತ್ತದೆ, ಆದರೆ ಬಿಟ್ ತನ್ನ ಜಡತ್ವದಿಂದ ಇನ್ನೂ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಸ್ಕ್ರೂ, ಕ್ಲ್ಯಾಂಪು, ಟೇಪುಗಳಿಗೆ ಕರೆಂಟಿನ ಹಂಗಿಲ್ಲ. ನಮ್ಮ ತಾಲ್ಲೂಕುಗಳ ಸಣ್ಣ ಕಾರ್ಯಾಗಾರಕ್ಕೆ ನಿರ್ವಾತದ ಮೇಜು ಅಷ್ಟೇನೂ ಅನುಕೂಲವಲ್ಲ ಎಂದು ನಾನು ಹೇಳುವುದು ಇದಕ್ಕೇ.

ಇಷ್ಟು ಹೊತ್ತು ‘ಹಲಗೆ ಅಲುಗಬಾರದು’ ಎಂದೆವಲ್ಲ, ಯಾವುದಕ್ಕೆ ಹೋಲಿಸಿ ಅಲುಗಬಾರದು? ಭೂಮಿಗೆ ಹೋಲಿಸಿಯೇ? ಇಲ್ಲಿ ಚೌಕಟ್ಟಿನ ಪಾಠ ಬರುತ್ತದೆ. ಮೇಜಿನ ಮೇಲಿಡುವ ಯಂತ್ರಕ್ಕೆ ತನ್ನ ಕಬ್ಬಿಣದ ಚೌಕಟ್ಟೇ ಪ್ರಪಂಚ. ಹಲಗೆ ಆ ಚೌಕಟ್ಟಿಗೆ ಹೋಲಿಸಿ ನಿಂತಿರಬೇಕು. ಮೇಜು, ಯಂತ್ರ, ಹಲಗೆ ಎಲ್ಲವೂ ಒಟ್ಟಿಗೆ ಎರಡು ಅಡಿ ಸರಿದರೂ ಕೆಲಸ ಕೆಡುವುದಿಲ್ಲ. 2016ರಲ್ಲಿ ಬಂದ ಮಾಸ್ಲೋ ಎಂಬ ಅಗ್ಗದ ಯಂತ್ರದಲ್ಲಿ ಹಲಗೆ ತುಸು ಓರೆಯಾಗಿ ನಿಂತಿರುತ್ತದೆ. ರೌಟರ್ ಎರಡು ಸರಪಳಿಗಳಿಂದ ತೂಗುತ್ತ ಅದರ ಮೇಲೆ ಓಡಾಡುತ್ತದೆ. ಅಲ್ಲಿ ಪ್ರಪಂಚವೆಂದರೆ ಸರಪಳಿ ಕಟ್ಟಿದ ಮೇಲಿನ ಎರಡು ಮೂಲೆಗಳು.

ಮೂರನೆಯ ಬಗೆ ಇನ್ನೂ ಸ್ವಾರಸ್ಯದ್ದು. 2012ರಲ್ಲಿ ಎಂ.ಐ.ಟಿ.ಯ ಅಲೆಕ್ ರಿವರ್ಸ್ ಮತ್ತು ಸಂಗಡಿಗರು ಕೈಯಲ್ಲೇ ಹಿಡಿದು ನಡೆಸುವ ರೌಟರೊಂದನ್ನು ತೋರಿಸಿದರು. ಅದೇ ಮುಂದೆ ಶೇಪರ್ ಆರಿಜಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಹಲಗೆಯ ಮೇಲೆ ಕಪ್ಪು ಬಿಳುಪು ಗುರುತುಗಳಿರುವ ಟೇಪು ಅಂಟಿಸಬೇಕು. ಯಂತ್ರದ ಕ್ಯಾಮೆರಾ ಆ ಗುರುತುಗಳನ್ನು ನೋಡಿ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ನೀವು ಗೆರೆಯ ಆಸುಪಾಸಿನಲ್ಲಿ ತಳ್ಳಿಕೊಂಡು ಹೋದರೆ ಸಾಕು, ಕೈಯ ಅಡ್ಡಾದಿಡ್ಡಿಯನ್ನು ಯಂತ್ರವೇ ತಿದ್ದಿಕೊಳ್ಳುತ್ತದೆ. ಇಲ್ಲಿ ಹಲಗೆ ಮೇಜಿನ ಮೇಲೆ ಅರ್ಧ ಅಂಗುಲ ಜಾರಿತು ಎನ್ನಿ. ಕೆಲಸ ಕೆಟ್ಟಿತೇ? ಟೇಪು ಹಲಗೆಯ ಮೇಲೇ ಇದ್ದರೆ ಕೆಡುವುದಿಲ್ಲ. ಗುರುತೂ ಜೊತೆಯಲ್ಲೇ ಜಾರಿರುತ್ತದೆ. ಹಲಗೆ ಚಿಕ್ಕದೆಂದು ಟೇಪನ್ನು ಪಕ್ಕದ ಮೇಜಿನ ಮೇಲೆ ಅಂಟಿಸಿದ್ದರೆ ಕೆಟ್ಟಿತು. ಯಂತ್ರ ಇಲ್ಲದ ಹಲಗೆಯನ್ನು ಹಳೆಯ ಜಾಗದಲ್ಲಿ ಕೊರೆಯುತ್ತದೆ. ಹಲಗೆಯನ್ನು ಬಿಗಿಯುವ ಮೊದಲು ಯಂತ್ರದ ಕಣ್ಣು ಯಾವುದನ್ನು ನೋಡುತ್ತಿದೆ ಎಂದು ಕೇಳಿಕೊಂಡರೆ, ಯಾವುದಕ್ಕೆ ಬಿಗಿಯಬೇಕೆಂಬುದೂ ತಿಳಿಯುತ್ತದೆ.

ಹಾಳೆ ಹಿಡಿದಿಡುವ ಕಲೆಯ ಬಲು ದೊಡ್ಡ ಪ್ರದರ್ಶನವೊಂದು ನಿಮ್ಮ ನಡುವೆಯೇ ಇದೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಪಾರ್ಕು. 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವಾಟ್ ಮುಟ್ಟಿತು. ಅಲ್ಲಿ ಫಲಕಗಳನ್ನು ಅಂಚಿನಲ್ಲಿ ಕ್ಲ್ಯಾಂಪಿನಿಂದ ಹಿಡಿದಿರುತ್ತಾರೆ. ಸಡಿಲ ಬಿಟ್ಟರೆ ಆಷಾಢದ ಗಾಳಿ ಎತ್ತುತ್ತದೆ, ಅತಿಯಾಗಿ ಬಿಗಿದರೆ ಗಾಜು ಒಡೆಯುತ್ತದೆ. ಆದ್ದರಿಂದ ಬೋಲ್ಟನ್ನು ಅಳತೆಯ ಸ್ಪ್ಯಾನರಿನಿಂದ ಇಂತಿಷ್ಟೇ ಎಂದು ಬಿಗಿಯುತ್ತಾರೆ. ಇದಕ್ಕೂ ಹಿಂದಿನ ಕಥೆ ಇನ್ನೂ ಚೆನ್ನ. ಸೌರಕೋಶದ ಸಿಲಿಕಾನ್ ಬಿಲ್ಲೆ 0.2 ಮಿಲಿಮೀಟರಿಗಿಂತಲೂ ತೆಳು. ಅದನ್ನು ಸಿಲಿಕಾನ್ ದಿಮ್ಮಿಯಿಂದ ಸೀಳುವಾಗ ಕ್ಲ್ಯಾಂಪು ಹಾಕಲಾಗದು, ಮುರಿದುಹೋಗುತ್ತದೆ. ಅದಕ್ಕೆ ಇಡೀ ದಿಮ್ಮಿಯನ್ನು ಎಪಾಕ್ಸಿ ಅಂಟಿನಿಂದ ಒಂದು ಪಟ್ಟಿಗೆ ಅಂಟಿಸಿ, ವಜ್ರದ ಪುಡಿ ಲೇಪಿಸಿದ ಸಣ್ಣ ತಂತಿಗಳಿಂದ ಒಂದೇ ಸಲಕ್ಕೆ ನೂರಾರು ಬಿಲ್ಲೆಗಳಾಗಿ ಸೀಳುತ್ತಾರೆ. ಸೀಳಿ ಮುಗಿದ ಮೇಲೂ ಬಿಲ್ಲೆಗಳು ಬಾಚಣಿಗೆಯ ಹಲ್ಲಿನಂತೆ ಅಂಟಿಗೆ ಜೋತುಬಿದ್ದಿರುತ್ತವೆ. ಬಿಸಿ ದ್ರವದಲ್ಲಿ ಅದ್ದಿ ಅಂಟನ್ನು ಬಿಡಿಸುತ್ತಾರೆ. ಕಾಗದದ ಟೇಪಿನ ಉಪಾಯಕ್ಕೂ ಇದಕ್ಕೂ ತತ್ವ ಒಂದೇ: ಬೇಕಾದಾಗ ಹಿಡಿಯಬೇಕು, ಸಾಕೆಂದಾಗ ಬಿಡಬೇಕು.

2016ರಿಂದೀಚೆಗೆ ದೇಶದ ಹಲವು ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಅಂಥದು ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೂ ಒಂದು ಪ್ರಯೋಗ ಮಾಡಬಹುದು. ಒಂದು ಹಲಗೆ, ಒಂದು ಪ್ಲೈವುಡ್ ಚೂರು, ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕ ಸಾಕು. ಚೂರನ್ನು ಹಲಗೆಯ ಮೇಲಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋಗಿ. ಚೂರು ಜಾರಲು ಶುರುವಾದ ಕೋನವನ್ನು ಅಳೆದು ಅದರ ಟ್ಯಾನ್ಜೆಂಟ್ ನೋಡಿ, ಅದೇ ಘರ್ಷಣಾಂಕ. 17 ಡಿಗ್ರಿಗೆ ಜಾರಿದರೆ 0.3. ಇನ್ನು ಹಲಗೆಯ ಮೇಲೆ ಒಂದು ಚಿಟಿಕೆ ಮರದ ಹೊಟ್ಟು ಉದುರಿಸಿ ಮತ್ತೆ ಎತ್ತಿ. ಆಮೇಲೆ ಹೊಟ್ಟನ್ನು ಒರೆಸಿ, ನಡುವೆ ಸೈಕಲ್ ಟ್ಯೂಬಿನ ತುಂಡೊಂದನ್ನು ಹಾಸಿ ಇನ್ನೊಮ್ಮೆ ಎತ್ತಿ. ಮೂರು ಕೋನಗಳನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.